ನೆರೆಮನೆಯ ಮಗುವಿನ ತುತ್ತು

ಅಕ್ಕಂದಿರೇ, ಮಂಗಳೂರಿನಲ್ಲಿ ಕೈಗೂಸು ಎತ್ತಿಕೊಂಡು ಸಿಟಿ ಬಸ್ಸು ಹತ್ತಿದ್ದೀರಾ? ಹತ್ತಿದ್ದರೆ ನಿಮಗೆ ಗೊತ್ತುಂಟು. ಸ್ಟೇಟ್ ಬ್ಯಾಂಕ್ ಸ್ಟಾಪಿನಿಂದ ಬಸ್ಸು ಹೊರಟು ಹಂಪನಕಟ್ಟೆ ಮುಟ್ಟುವುದರೊಳಗೆ ಮೂರು ಬುದ್ಧಿಮಾತು ಸಿಗುತ್ತದೆ.

"ಮಗು ಸಪೂರ ಆಗಿದೆಯಲ್ಲ, ಎಂತ ಕೊಡುದು ನೀವು?"

"ಟೋಪಿ ಹಾಕಿ ಮಾರಾಯ್ತಿ, ಗಾಳಿ ಉಂಟು."

"ಇನ್ನೂ ಅನ್ನ ಕೊಡಲಿಲ್ಲವಾ? ನಾವೆಲ್ಲ ಮೂರು ತಿಂಗಳಿಗೇ ಕೊಟ್ಟದ್ದು."

ಕೇಳಿದವರು ಯಾರೂ ಇಲ್ಲ. ಹೇಳುವವರು ಮಾತ್ರ ಬಸ್ಸು ತುಂಬ.

ನಾವಿಬ್ಬರು ಶಾಲೆಯ ಟೀಚರುಗಳು. ಸಂಜೆ ಹೊತ್ತು ಅಂಗನವಾಡಿಯ ಕೋಣೆಯಲ್ಲಿ ನಿಮ್ಮಂಥ ಅಕ್ಕಂದಿರ ಜೊತೆ ಅಕ್ಷರ ಕಲಿಸುತ್ತೇವೆ. ಇಂಥ ಮಾತು ನಾವೂ ಕೇಳಿಸಿಕೊಂಡಿದ್ದೇವೆ, ಇನ್ನೊಬ್ಬರಿಗೆ ಹೇಳಿಯೂ ಇದ್ದೇವೆ. ಇನ್ನೊಬ್ಬರ ಮಗುವಿಗೆ ಮೊದಲ ತುತ್ತು ಕೊಡುವ ವಿಷಯದಲ್ಲಿ, ಅವರು ಕೇಳದೆ ನಾವು ಬಾಯಿ ಹಾಕಬಹುದೋ, ಬಾರದೋ? ನಮ್ಮ ತರಗತಿಯಲ್ಲಿ ಈ ಮಾತು ಎಷ್ಟೋ ಸಲ ಬಂದದ್ದುಂಟು.

ಒಂದು ಸಲ ನಾವು ಬಾಯಿ ಮುಚ್ಚಿ ಕುಳಿತೆವು. ಇನ್ನೊಂದು ಸಲ ಬಾಯಿ ಬಿಟ್ಟೆವು. ಎರಡು ಸಲವೂ ತಪ್ಪಾಯಿತು. ಮೊದಲು ಆ ಎರಡು ಕತೆ ಹೇಳುತ್ತೇವೆ.

ದ್ರಾಕ್ಷಿಯ ಕತೆ

ಒಂದು ಮನೆಯಲ್ಲಿ ತೊಟ್ಟಿಲು ಹಾಕುವ ಕಾರ್ಯಕ್ರಮ. ಊಟ ಮುಗಿದು ಹೆಂಗಸರೆಲ್ಲ ಚಾಪೆಯ ಮೇಲೆ ಕುಳಿತಿದ್ದೆವು. ನಮ್ಮ ಎದುರಿಗೆ ಒಬ್ಬ ತಾಯಿ ಕುಳಿತಿದ್ದಳು. ಅವಳ ಮಡಿಲಲ್ಲಿ 9 ತಿಂಗಳ ಹೆಣ್ಣುಮಗು. ಅವರ ಮನೆಯ ಹಿರಿಯರೊಬ್ಬರು ಬಂದು ಮಗುವನ್ನು ಮಾತಾಡಿಸಿದರು. ತಟ್ಟೆಯಿಂದ ಒಂದು ದ್ರಾಕ್ಷಿ ತೆಗೆದು, ಇಡೀ ಹಣ್ಣನ್ನೇ ಮಗುವಿನ ಬಾಯಿಗೆ ಇಟ್ಟರು.

ಅದು ಅಪಾಯ ಎಂದು ನಮಗೆ ಗೊತ್ತಿತ್ತು. ನಾವಿಬ್ಬರೂ ಮುಖ ಮುಖ ನೋಡಿಕೊಂಡೆವು. ಹೆಚ್ಚು ಪರಿಚಯ ಇಲ್ಲದವರು. ಅದರಲ್ಲೂ ದೊಡ್ಡವರು. ಟೀಚರುಗಳಿಗೆ ಎಲ್ಲಿ ಹೋದರೂ ಪಾಠ ಮಾಡುವ ಚಾಳಿ ಎಂದು ಹೇಳಿಯಾರು. ಸುಮ್ಮನೆ ಕುಳಿತೆವು.

ಎರಡನೆಯ ದ್ರಾಕ್ಷಿ ಗಂಟಲಲ್ಲಿ ನಿಂತಿತು.

ಮಗು ಅಳಲಿಲ್ಲ. ಕೆಮ್ಮಲೂ ಇಲ್ಲ. ಬಾಯಿ ತೆರೆದಿತ್ತು, ಸದ್ದು ಇರಲಿಲ್ಲ. ಮುಖ ಕೆಂಪಾಯಿತು, ತುಟಿ ನೀಲಿಗೆ ತಿರುಗಿತು. ತಾಯಿ ಕಿರಿಚಿದಳು. ಎಲ್ಲರೂ ಎದ್ದು ನಿಂತರು, ಏನು ಮಾಡಬೇಕೆಂದು ಯಾರಿಗೂ ತೋಚಲಿಲ್ಲ. ಆಸ್ಪತ್ರೆಯಲ್ಲಿ ಆಯಾ ಆಗಿ ದುಡಿದಿದ್ದ ಒಬ್ಬ ಹೆಂಗಸು ಅಲ್ಲಿದ್ದದ್ದು ಮಗುವಿನ ಪುಣ್ಯ. ಆಕೆ ಮಗುವನ್ನು ಸೆಳೆದುಕೊಂಡು ಮುಂಗೈ ಮೇಲೆ ಬೋರಲಾಗಿ ಮಲಗಿಸಿ ಬೆನ್ನಿಗೆ ಗುದ್ದಿದರು. ನಾಲ್ಕನೆಯ ಗುದ್ದಿಗೆ ದ್ರಾಕ್ಷಿ ಚಾಪೆಯ ಮೇಲೆ ಬಿತ್ತು. ಮಗು ಜೋರಾಗಿ ಅತ್ತಿತು.

ಆ ರಾತ್ರಿ ನಮಗೆ ಊಟ ಸೇರಲಿಲ್ಲ. ಒಂದು ಮಾತು ಹೇಳಲು ನಾವು ನಾಚಿಕೊಂಡದ್ದಕ್ಕೆ ಒಂದು ಜೀವ ಹೋಗುವುದರಲ್ಲಿತ್ತು.

ಪುಟ್ಟ ಮಗುವಿನ ಉಸಿರಿನ ಕೊಳವೆ ತುಂಬ ಸಪೂರ. ಹೆಚ್ಚುಕಡಿಮೆ ಅದರ ಕಿರುಬೆರಳಿನಷ್ಟೇ ದಪ್ಪ. ಮುಂದಿನ ಹಲ್ಲು ಬಂದಿರಬಹುದು, ಆದರೆ ಅರೆಯುವ ದವಡೆ ಹಲ್ಲು ಬಂದಿರುವುದಿಲ್ಲ. ಉರುಟಾಗಿ ನುಣ್ಣಗಿರುವ ವಸ್ತು, ಗಟ್ಟಿ ವಸ್ತು ಬಾಯಿಗೆ ಹೋದರೆ ಜಾರಿ ಕೊಳವೆಗೆ ಬಿರಡೆಯ ಹಾಗೆ ಕೂತುಬಿಡುತ್ತದೆ. ನಮ್ಮ ಕಡೆಯ ಮನೆಗಳಲ್ಲಿ ಇಂಥದ್ದು ಏನೇನುಂಟು ನೋಡಿ. ದ್ರಾಕ್ಷಿ, ನೆಲಕಡಲೆ, ಗೇರುಬೀಜ, ಸುಟ್ಟ ಹಲಸಿನ ಬೀಜ, ತೆಂಗಿನಕಾಯಿ ಚೂರು, ಪೆಪ್ಪರ್‌ಮಿಂಟು, ಮೀನಿನ ಮುಳ್ಳು. ಎಲ್ಲಕ್ಕಿಂತ ಮೋಸದ್ದು ಅಜ್ಜಿಯ ಎಲೆ ತಟ್ಟೆಯಲ್ಲಿರುವ ಅಡಿಕೆ ಹೋಳು. ಅದನ್ನು ಯಾರೂ ಮಗುವಿಗೆ ಕೊಡುವುದಿಲ್ಲ. ಅಂಬೆಗಾಲಿಡುವ ಮಗು ತಾನೇ ಹೆಕ್ಕಿ ಬಾಯಿಗೆ ಹಾಕಿಕೊಳ್ಳುತ್ತದೆ.

ದ್ರಾಕ್ಷಿಯನ್ನು ಉದ್ದಕ್ಕೆ ನಾಲ್ಕಾಗಿ ಸೀಳಿ ಕೊಡಬೇಕು. ಇಡೀ ನೆಲಕಡಲೆ, ಇಡೀ ಗೇರುಬೀಜ 5 ವರ್ಷದವರೆಗೆ ಬೇಡ. ನುಣ್ಣಗೆ ಪುಡಿ ಮಾಡಿ ಗಂಜಿಗೆ ಬೆರೆಸಿ ಕೊಟ್ಟರೆ ಒಳ್ಳೆಯ ಆಹಾರವೇ. ಬೂತಾಯಿ, ಬಂಗುಡೆ ಕೊಡಬಹುದು. ಮೊದಲು ಬೆರಳಿನಲ್ಲಿ ಹಿಚುಕಿ ಹಿಚುಕಿ ಮುಳ್ಳು ನೋಡಬೇಕು. ಮಗುವನ್ನು ಮಲಗಿಸಿ ತಿನ್ನಿಸಬಾರದು, ಕೂರಿಸಿ ತಿನ್ನಿಸಬೇಕು. ಅದು ತಿನ್ನುವಾಗ ಹತ್ತಿರ ಒಬ್ಬರು ಇರಲೇಬೇಕು.

ಇಲ್ಲಿ ಒಂದು ವ್ಯತ್ಯಾಸ ತಿಳಿದಿರಲಿ. ಹೊಸದಾಗಿ ತಿನ್ನಲು ಕಲಿಯುವ ಮಗು ಆಗಾಗ ಓಕರಿಸುತ್ತದೆ, ಕೆಮ್ಮುತ್ತದೆ, ಕಣ್ಣಲ್ಲಿ ನೀರು ಬರುತ್ತದೆ. ಸದ್ದು ಬರುತ್ತಿದ್ದರೆ ಉಸಿರು ಹೋಗುತ್ತಿದೆ ಎಂದು ಅರ್ಥ. ಆಗ ಕೆಮ್ಮಲು ಬಿಡಿ. ಬಾಯಿಗೆ ಬೆರಳು ಹಾಕಬೇಡಿ. ಬೆರಳು ಹಾಕಿದರೆ ವಸ್ತು ಇನ್ನೂ ಒಳಗೆ ಹೋಗುತ್ತದೆ.

ಸದ್ದೇ ಇಲ್ಲ, ಅಳು ಇಲ್ಲ, ತುಟಿ ನೀಲಿಯಾಗುತ್ತಿದೆ ಎಂದಾದರೆ ಒಂದು ಕ್ಷಣವೂ ಕಾಯಬಾರದು. ವರ್ಷ ತುಂಬದ ಮಗುವಾದರೆ ಮುಂಗೈ ಮೇಲೆ ಬೋರಲು ಮಲಗಿಸಿ. ದವಡೆಗೆ ಕೈ ಆಧಾರ ಇರಲಿ. ತಲೆ ಎದೆಗಿಂತ ಕೆಳಗಿರಲಿ. ಎರಡು ಹೆಗಲ ನಡುವೆ ಅಂಗೈಯ ಬುಡದಿಂದ 5 ಸಲ ಗುದ್ದಿ. ಬರಲಿಲ್ಲವಾದರೆ ಮಗುವನ್ನು ಮಗುಚಿ, ಎದೆಯ ನಡು ಎಲುಬಿನ ಮೇಲೆ ಒಂದೇ ಕೈಯಿಂದ 5 ಸಲ ಒತ್ತಿ. ಹೊಟ್ಟೆ ಒತ್ತಬಾರದು. ಪುನಃ ಬೆನ್ನು, ಪುನಃ ಎದೆ. ಇನ್ನೊಬ್ಬರು 108ಕ್ಕೆ ಫೋನ್ ಮಾಡಲಿ. ವಸ್ತು ಹೊರಗೆ ಬಂದ ಮೇಲೂ ಮಗುವನ್ನು ಆಸ್ಪತ್ರೆಗೆ ತೋರಿಸಬೇಕು. ಕೆಲವು ಸಲ ಕಡಲೆಯ ಚೂರೊಂದು ಒಳಗೆ ಉಳಿದು, ವಾರಗಟ್ಟಲೆ ಕೆಮ್ಮು ಬರುವುದುಂಟು. ವರ್ಷ ದಾಟಿದ ಮಕ್ಕಳಿಗೆ ಕ್ರಮ ಸ್ವಲ್ಪ ಬೇರೆ. ಆರೋಗ್ಯ ಕೇಂದ್ರದಲ್ಲಿ ಕೇಳಿ, ಗೊಂಬೆಯ ಮೇಲೆ ಮಾಡಿ ತೋರಿಸಲು ಹೇಳಿ. ಓದಿ ಕಲಿಯುವುದಕ್ಕಿಂತ ಕೈಯಲ್ಲಿ ಮಾಡಿ ಕಲಿಯುವುದೇ ಒಳ್ಳೆಯದು.

ಇಂಥ ಅಪಾಯ ಕಂಡಾಗ ಅವರು ಕೇಳಿದರೋ ಇಲ್ಲವೋ ಎಂಬ ಪ್ರಶ್ನೆಯೇ ಇಲ್ಲ. ಗುರುತು ಇರಲಿ, ಇಲ್ಲದಿರಲಿ, ಹೇಳಬೇಕು. ಭಾಷಣ ಬೇಡ. ನಾವೀಗ ಮೊದಲು ಕೈ ಚಾಚುತ್ತೇವೆ, ಆಮೇಲೆ ಮಾತು. "ಅಣ್ಣಾ, ಸೀಳಿ ಕೊಡುವ, ಗಂಟಲಲ್ಲಿ ನಿಲ್ತದೆ." ಅಷ್ಟೇ. ಇದುವರೆಗೆ ಯಾರೂ ಕೋಪ ಮಾಡಿಕೊಂಡಿಲ್ಲ. ಮಾಡಿಕೊಂಡರೂ ಪರವಾಗಿಲ್ಲ.

ಬಾಟ್ಲಿಯ ಕತೆ

ಇದು ಹೇಳಿ ಕೆಟ್ಟ ಕತೆ.

ನಮ್ಮ ತರಗತಿಗೆ ಬರುವವರಲ್ಲಿ ಹೆಚ್ಚಿನವರು ಬೀಡಿ ಕಟ್ಟುವ ಅಕ್ಕಂದಿರು. ಅವರಲ್ಲಿ ಒಬ್ಬಳು ಎಳೆ ಬಾಣಂತಿ. ಗಂಡುಮಗುವಿಗೆ 4 ತಿಂಗಳು. ಒಂದು ಸಂಜೆ ಮಗು ಅತ್ತಾಗ ಚೀಲದಿಂದ ನಿಪ್ಪಲ್ ಬಾಟ್ಲಿ ತೆಗೆದಳು. ದನದ ಹಾಲಿಗೆ ಅರ್ಧಕ್ಕರ್ಧ ನೀರು. ನಾವು ಅದೇ ವಾರ ಎದೆಹಾಲಿನ ಪಾಠ ಓದಿಸಿದ್ದೆವು. ನಮಗೆ ತಡೆಯಲಾಗಲಿಲ್ಲ.

"ಅಯ್ಯೋ, ಬಾಟ್ಲಿ ಕೊಡಬಾರದು ಅಂತ ಮೊನ್ನೆಯೇ ಓದಿದ್ದಲ್ಲವಾ?" ಎಂದೆವು. ಅಲ್ಲಿಗೂ ನಿಲ್ಲಲಿಲ್ಲ. ಹತ್ತು ನಿಮಿಷ ವಿವರಿಸಿದೆವು. ಸುತ್ತ ಹದಿನಾಲ್ಕು ಮಂದಿ. ಅವಳ ಅತ್ತೆಯೂ ಅಲ್ಲೇ ಇದ್ದರು. ನಾವು ಹೇಳಿದ ಒಂದೊಂದು ಮಾತೂ ಸರಿಯೇ ಇತ್ತು. ಅವಳು ಬಾಟ್ಲಿಯನ್ನು ಸೆರಗಿನಲ್ಲಿ ಮುಚ್ಚಿಕೊಂಡಳು. ಮರುದಿನ ಬರಲಿಲ್ಲ. ಮೂರು ವಾರ ಬರಲಿಲ್ಲ.

ಕೊನೆಗೆ ನಾವೇ ಮನೆಗೆ ಹೋದೆವು. ಜಗಲಿಯಲ್ಲಿ ಗೆರಸೆ ಮಡಿಲಲ್ಲಿಟ್ಟು ಬೀಡಿ ಕಟ್ಟುತ್ತಿದ್ದಳು. ನಮ್ಮನ್ನು ನೋಡಿ ತಲೆ ತಗ್ಗಿಸಿದಳು. ಮಾತಾಡಿದ್ದು ಅತ್ತೆ.

"ಟೀಚರೇ, ದಿನಕ್ಕೆ ಇಷ್ಟು ಬೀಡಿ ಅಂತ ಬ್ರಾಂಚಿಗೆ ಮುಟ್ಟಿಸಬೇಕು. ಅವಳು ಎದ್ದು ಎದ್ದು ಹಾಲು ಕೊಟ್ಟರೆ ಎಲೆ ಒಣಗ್ತದೆ. ಬಾಟ್ಲಿ ಕೊಟ್ಟದ್ದು ನಾನು. ಅವಳಿಗೆ ಯಾಕೆ ಬೈದದ್ದು?"

ನಮಗೆ ಉತ್ತರ ಇರಲಿಲ್ಲ. ಬಾಟ್ಲಿ ಅವಳ ಕೈಯಲ್ಲಿತ್ತು, ಆದರೆ ತೀರ್ಮಾನ ಅವಳದ್ದಾಗಿರಲಿಲ್ಲ. ಅವಳಿಗೆ ಗೊತ್ತಿಲ್ಲದ್ದನ್ನು ನಾವು ಹೇಳಿರಲೂ ಇಲ್ಲ. ಅವಳು ಅದೇ ಪಾಠ ನಮ್ಮ ಎದುರೇ ಓದಿದ್ದಳು. ಅವಳಿಗೆ ಇಲ್ಲದ್ದು ತಿಳಿವಳಿಕೆ ಅಲ್ಲ, ಹೊತ್ತು. ನಾವು ಮಾಡಿದ್ದು ಇಷ್ಟೇ: ಅತ್ತೆಯ ಎದುರು, ಊರಿನವರ ಎದುರು ಅವಳ ಮರ್ಯಾದೆ ತೆಗೆದದ್ದು.

ಅತ್ತೆ ಇನ್ನೊಂದು ಮಾತು ಹೇಳಿದರು. "ನನ್ನ ಮಗನಿಗೆ ನಾಲ್ಕು ತಿಂಗಳಿಗೆ ಕೊಡಿ ಅಂತ ಆಗ ಡಾಕ್ಟ್ರೇ ಹೇಳಿದ್ದು. ಈಗ ಆರು ಅಂತೀರಿ. ನಾಳೆ ಎಂಟು ಅಂತೀರೋ ಏನೋ."

ಆ ಅಮ್ಮ ಹೇಳಿದ್ದು ಸುಳ್ಳಲ್ಲ. ಹಿಂದೆ ವೈದ್ಯರು 4ರಿಂದ 6 ತಿಂಗಳ ನಡುವೆ ಬೇರೆ ಆಹಾರ ಸುರು ಮಾಡಿ ಎನ್ನುತ್ತಿದ್ದರು. ಆಮೇಲೆ ಬೇರೆ ಬೇರೆ ದೇಶಗಳ ಮಕ್ಕಳನ್ನು ನೋಡಿ ಅಧ್ಯಯನ ಮಾಡಿದರು. 2001ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ 6 ತಿಂಗಳು ತುಂಬುವವರೆಗೆ ಎದೆಹಾಲು ಮಾತ್ರ ಸಾಕು ಎಂದು ಹೇಳಿತು. ನಮ್ಮ ದೇಶದಲ್ಲಿಯೂ ಈಗ ಅದೇ ಕ್ರಮ. ಹಾಗಾಗಿ ಅಜ್ಜಿಯರನ್ನು ತಿಳಿಯದವರು ಎನ್ನುವುದು ಸರಿಯಲ್ಲ. ಅವರ ಕಾಲದಲ್ಲಿ ಹೇಳಿದ್ದನ್ನು ಅವರು ಸರಿಯಾಗಿಯೇ ಪಾಲಿಸಿದ್ದರು. ಈ ಮಾತನ್ನು ನಾವು ಆ ಜಗಲಿಯಲ್ಲಿ ಬಾಯಿಬಿಟ್ಟು ಹೇಳಿದೆವು. ಆಗ ಅವರು ನಮಗೆ ಕೂರಲು ಚಾಪೆ ಹಾಕಿದರು.

6 ತಿಂಗಳು ಯಾಕೆ? ಅಷ್ಟು ಹೊತ್ತಿಗೆ ಮಗುವಿನ ಕುತ್ತಿಗೆ ನಿಲ್ಲುತ್ತದೆ, ಆಧಾರ ಕೊಟ್ಟರೆ ಕೂರುತ್ತದೆ, ಬಾಯಿಗೆ ಇಟ್ಟದ್ದನ್ನು ನಾಲಿಗೆಯಿಂದ ಹೊರಗೆ ತಳ್ಳುವುದು ಬಿಡುತ್ತದೆ. ಅದಕ್ಕಿಂತ ಮುಂಚೆ ಹೊರಗಿನದ್ದು ಕೊಟ್ಟರೆ ಭೇದಿ, ಸೋಂಕು ಹೆಚ್ಚು. 6 ತಿಂಗಳ ನಂತರ ಎದೆಹಾಲು ಒಂದೇ ಸಾಲದು. ಹುಟ್ಟುವಾಗ ತಾಯಿಯಿಂದ ತಂದ ಕಬ್ಬಿಣದ ಅಂಶ ಆ ಹೊತ್ತಿಗೆ ಮುಗಿಯುತ್ತಾ ಬರುತ್ತದೆ. ಬೇಗ ಕೊಡುವುದು ಹೇಗೆ ತಪ್ಪೋ, ತಡ ಮಾಡುವುದೂ ಹಾಗೆಯೇ ತಪ್ಪು.

"ನೀರಾದರೂ ಬೇಡವಾ, ಈ ಸೆಕೆಗೆ?" ಎಂದು ಎಲ್ಲರೂ ಕೇಳುತ್ತಾರೆ. ಮಂಗಳೂರಿನ ಏಪ್ರಿಲ್ ತಿಂಗಳ ಸೆಕೆ ನಮಗೂ ಗೊತ್ತುಂಟು. ಆದರೆ ಎದೆಹಾಲಿನ 100 ಪಾಲಿನಲ್ಲಿ ಸುಮಾರು 87 ಪಾಲು ನೀರೇ. 6 ತಿಂಗಳು ತುಂಬದ ಮಗುವಿಗೆ ಬೇರೆ ನೀರು ಬೇಡ. ಬಾಯಾರಿದರೆ ಎದೆಗೆ ಹಾಕಿಕೊಳ್ಳಿ.

ಬಾಟ್ಲಿಯ ತೊಂದರೆ ಏನೆಂದರೆ ಅದರ ಮೂಲೆ, ನಿಪ್ಪಲಿನ ತೂತು ಎಷ್ಟು ತೊಳೆದರೂ ಪೂರ್ತಿ ಚೊಕ್ಕ ಆಗುವುದಿಲ್ಲ. ಹಾಲಿನ ಅಂಟು ಅಲ್ಲೇ ಉಳಿದು ರೋಗಾಣು ಬೆಳೆಯುತ್ತದೆ. ನೀರು ಬೆರೆಸಿದ ಹಾಲಿನಿಂದ ಹೊಟ್ಟೆ ತುಂಬುತ್ತದೆ, ಮೈ ತುಂಬುವುದಿಲ್ಲ. ಬೀಡಿ ಕಟ್ಟುವ ಅಕ್ಕಂದಿರು ಇನ್ನೊಂದು ನೆನಪಿಡಿ. ಕೈಯಲ್ಲಿ ಹೊಗೆಸೊಪ್ಪಿನ ಪುಡಿ ಇರುತ್ತದೆ. ಮಗುವನ್ನು ಮುಟ್ಟುವ ಮೊದಲು ಸಾಬೂನು ಹಾಕಿ ಕೈ ತೊಳೆಯಲೇಬೇಕು.

ಇಷ್ಟು ಹೇಳಿದ ಮೇಲೆ ನಾವು ಸುಮ್ಮನಾದೆವು. ಆಮೇಲೆ ಕೇಳಿದೆವು, "ಅಮ್ಮಾ, ನಿಮ್ಮ ಕಾಲದಲ್ಲಿ ಬಾಟ್ಲಿ ಇರಲಿಲ್ಲವಲ್ಲ, ತಾಯಿ ಗದ್ದೆ ಕೆಲಸಕ್ಕೆ ಹೋದರೆ ಮಗುವಿಗೆ ಎಂತ ಮಾಡ್ತಿದ್ದರು?"

ಅವರು ಎದ್ದು ಒಳಗೆ ಹೋದರು. ಅಟ್ಟದಲ್ಲಿ ತಡಕಾಡುವ ಸದ್ದು ಕೇಳಿಸಿತು. ಹೊರಗೆ ಬಂದಾಗ ಅವರ ಕೈಯಲ್ಲಿ ಹಿತ್ತಾಳೆಯ ಒಂದು ಒಳಲೆ ಇತ್ತು. ಒಳಲೆ ನಿಮಗೆ ಗೊತ್ತಲ್ಲ, ಮೂತಿ ಇರುವ ಪುಟ್ಟ ಬಟ್ಟಲು. ಬಾಟ್ಲಿಯ ಹಾಗೆ ಮೂಲೆ ಮುಡುಕು ಇಲ್ಲ, ತೊಳೆದರೆ ಚೊಕ್ಕವಾಗುತ್ತದೆ. ಹಿತ್ತಾಳೆಯದ್ದು ಬೇಡ, ಕಿಲುಬು ಹಿಡಿಯುತ್ತದೆ ಎಂದು ಮಾತ್ರ ಹೇಳಿದೆವು. ಆ ವಾರವೇ ಅವರು ಸ್ಟೀಲಿನದ್ದು ತಂದರು. ತಾಯಿ ಕೈ ತೊಳೆದು ಹಾಲು ಹಿಂಡಿ, ಕುದಿಸಿ ಒಣಗಿಸಿದ ಸ್ಟೀಲ್ ಪಾತ್ರೆಯಲ್ಲಿ ಮುಚ್ಚಿಡುವುದು. ತಂಪು ಜಾಗದಲ್ಲಿಟ್ಟರೆ 4 ಗಂಟೆ ಇರುತ್ತದೆ. ಸೆಕೆಯಲ್ಲಿ ಅದಕ್ಕಿಂತ ಬೇಗ ಮುಗಿಸುವುದು ಒಳ್ಳೆಯದು. ಅತ್ತೆ ಒಳಲೆಯಲ್ಲಿ ಕುಡಿಸುವುದು. ಸೊಸೆ ಎರಡು ಕಟ್ಟಿನ ನಡುವೆ ಒಮ್ಮೆ ಎದ್ದು ಎದೆಗೆ ಹಾಕಿಕೊಳ್ಳುವುದು. ಎಲೆಯ ಮೇಲೆ ಒದ್ದೆ ಬಟ್ಟೆ ಮುಚ್ಚಿದರೆ ಅದೇನು ಅಷ್ಟು ಬೇಗ ಒಣಗುವುದಿಲ್ಲ. ಈ ಕೊನೆಯ ಉಪಾಯ ಅತ್ತೆಯದ್ದೇ.

ಹೇಳಿಕೊಟ್ಟ ಮಾತು, ಕಟ್ಟಿಕೊಟ್ಟ ಬುತ್ತಿ ಎಷ್ಟು ದಿನ ಬಂದೀತು ಎಂದು ಗಾದೆ ಉಂಟು. ನಾವು ಹತ್ತು ನಿಮಿಷ ಹೇಳಿಕೊಟ್ಟದ್ದು ಒಂದು ದಿನವೂ ಬರಲಿಲ್ಲ.

ಬಾಯಿ ಹಾಕದೆ ಬಿಡುವುದು

ಈಗ ನಾವು ಬಿಟ್ಟುಬಿಟ್ಟ ವಿಷಯವೂ ಬಹಳ ಉಂಟು. ಒಂದು ಮನೆಯಲ್ಲಿ ಮೊದಲ ತುತ್ತು ರಾಗಿ ಮಣ್ಣಿ, ಇನ್ನೊಂದರಲ್ಲಿ ಕುಚ್ಚಲಕ್ಕಿ ಗಂಜಿ, ಮತ್ತೊಂದರಲ್ಲಿ ನೇಂದ್ರ ಬಾಳೆಕಾಯಿಯ ಪುಡಿ. ಒಬ್ಬರು ಚಮಚದಲ್ಲಿ ಕೊಡುತ್ತಾರೆ, ಒಬ್ಬರು ಬೆರಳಿನಲ್ಲಿ. ಕೆಲವರು ಮೆತ್ತಗೆ ಬೇಯಿಸಿದ ತರಕಾರಿಯನ್ನು ಮಗುವಿನ ಕೈಗೇ ಕೊಡುತ್ತಾರೆ. ಮಗು ಕೂತು ತಿನ್ನುತ್ತಿದ್ದರೆ, ಆಹಾರ ಮೆತ್ತಗಿದ್ದರೆ, ಕೈ ಚೊಕ್ಕ ಇದ್ದರೆ ಎಲ್ಲವೂ ಸರಿಯೇ. ಒಂದು ವರ್ಷದವರೆಗೆ ಉಪ್ಪು, ಸಕ್ಕರೆ, ಬೆಲ್ಲ ಬೇಡ ಎಂದು ವೈದ್ಯರು ಹೇಳುವುದು ಹೌದು. ಆದರೆ ಮಣ್ಣಿಗೆ ಚೂರು ಬೆಲ್ಲ ಹಾಕಿದ್ದಕ್ಕೆ ನೆರೆಮನೆಯ ಜೊತೆ ಮಾತು ಬಿಡಬೇಕಾಗಿಲ್ಲ. ಅವರು ಕೇಳಿದ ದಿನ ಹೇಳಿದರಾಯಿತು.

ಜೇನು ಹಾಗಲ್ಲ. ಹುಟ್ಟಿದ ಮಗುವಿನ ನಾಲಿಗೆಗೆ ಜೇನು ಮುಟ್ಟಿಸುವ ಕ್ರಮ ಕೆಲವು ಮನೆಗಳಲ್ಲಿ ಉಂಟು. ಜೇನಿನಲ್ಲಿ ಒಂದು ಜಾತಿಯ ರೋಗಾಣುವಿನ ಬೀಜ ಇರಬಹುದು. ದೊಡ್ಡವರಿಗೆ ಅದರಿಂದ ಏನೂ ಆಗುವುದಿಲ್ಲ. ವರ್ಷ ತುಂಬದ ಮಗುವಿನ ಕರುಳಿನಲ್ಲಿ ಅದು ಬೆಳೆದು ವಿಷ ಮಾಡುತ್ತದೆ, ಮಗುವಿನ ಕೈಕಾಲು ಸೋಲುತ್ತದೆ, ಉಸಿರಾಟವೂ ನಿಲ್ಲಬಹುದು. ಅಪರೂಪ, ಆದರೆ ಆದರೆ ದೊಡ್ಡದು. ಇದನ್ನು ಮಗು ಹುಟ್ಟಿದ ದಿನ ಅಜ್ಜಿಯ ಕೈ ಹಿಡಿದು ಹೇಳಿದರೆ ಜಗಳವಾಗುತ್ತದೆ. ಸೀಮಂತದ ಹೊತ್ತಿಗೇ ಹೇಳಿಬಿಡಿ. ಇನ್ನೂ ಯಾರೂ ಏನೂ ಮಾಡಿರುವುದಿಲ್ಲ, ಹಾಗಾಗಿ ಯಾರಿಗೂ ನೋವಾಗುವುದಿಲ್ಲ.

ಕೇಳದೆ ಬಂದು ಸಲಹೆ ಕೊಡುವವರಲ್ಲಿ ವ್ಯಾಪಾರದವರೂ ಇದ್ದರು. ಮಗುವಿಗೆ ಈ ಡಬ್ಬಿ ಕೊಡಿ, ಆ ಡಬ್ಬಿ ಕೊಡಿ ಎಂದು ತಾಯಂದಿರಿಗೆ ಪುಕ್ಕಟೆ ಹಂಚುವುದು ಕೂಡ ಇತ್ತು. ಅದನ್ನು ತಡೆಯಲು 1992ರಲ್ಲಿ ನಮ್ಮ ದೇಶದಲ್ಲಿ ಕಾನೂನು ಬಂತು, 2003ರಲ್ಲಿ ಇನ್ನೂ ಬಿಗಿಯಾಯಿತು. ಎಳೆ ಮಕ್ಕಳ ಹಾಲಿನ ಪುಡಿ, ಬಾಟ್ಲಿ, 2 ವರ್ಷದೊಳಗಿನ ಮಕ್ಕಳ ಡಬ್ಬಿ ಆಹಾರ, ಇವುಗಳ ಜಾಹೀರಾತು ಮಾಡುವಂತಿಲ್ಲ. ಹಾಲಿನ ಪುಡಿಯ ಡಬ್ಬಿಯ ಮೇಲೆ ಮಗುವಿನ ಚಿತ್ರ ಹಾಕುವಂತಿಲ್ಲ. ನಿಮಗೀಗ ಓದಲು ಬರುತ್ತದೆ, ಡಬ್ಬಿ ತಿರುಗಿಸಿ ನೋಡಿ. ಗಲ್ಫಿನಿಂದ ಬಂದ ಡಬ್ಬಿಗೆ ನಮ್ಮ ಕಾನೂನು ನಾಟುವುದಿಲ್ಲ. ಎಷ್ಟು ಚಂದದ ಚಿತ್ರ ಇದ್ದರೂ ಅದು ಎದೆಹಾಲಿಗೆ ಸಮ ಅಲ್ಲ.

ನಮಗೇ ಬಂದ ಸಲಹೆಯ ಮಾತೂ ಹೇಳಿಬಿಡುತ್ತೇವೆ. ನಮ್ಮಲ್ಲಿ ಒಬ್ಬಳ ಮಗಳಿಗೆ ಆಗ 8 ತಿಂಗಳು. ಮನೆಬಾಗಿಲಿಗೆ ಮೀನು ತರುವ ಅಕ್ಕ ಬುಟ್ಟಿ ಇಳಿಸಿ ಮಗುವಿನ ಬಟ್ಟಲು ನೋಡಿದರು. ಬಟ್ಟಲಲ್ಲಿ ಗಂಜಿ ತಿಳಿ. "ನೀರು ಕುಡಿಸಿದ್ದು ಸಾಕು ಟೀಚರೇ, ಅನ್ನ ಹಿಸುಕಿ ಕೊಡಿ" ಎಂದರು. ಸಿಟ್ಟು ಬಂತು. ತರಬೇತಿ ಪಡೆದವರು ನಾವು, ಇವರು ಯಾರು ಹೇಳಲು? ಆ ಸಿಟ್ಟಿನಲ್ಲೇ ಅಂಗನವಾಡಿಗೆ ಹೋಗಿ ತೂಕ ಮಾಡಿಸಿದೆವು. ಎರಡು ತಿಂಗಳಲ್ಲಿ ತೂಕ ಏರಿಯೇ ಇರಲಿಲ್ಲ.

ಆ ಅಕ್ಕ ಹೇಳಿದ್ದೇ ಸರಿ. ತಿಳಿಯಲ್ಲಿ ಬಲ ಇಲ್ಲ. ಚಮಚ ಓರೆ ಮಾಡಿದರೆ ಸುರಿದು ಹೋಗದಷ್ಟು ದಪ್ಪ ಇರಬೇಕು. 6 ತಿಂಗಳಿಗೆ ಎರಡು ಮೂರು ಚಮಚದಿಂದ ಸುರು ಮಾಡಿ, ದಿನಕ್ಕೆ ಎರಡು ಮೂರು ಸಲ. 8 ತಿಂಗಳ ಹೊತ್ತಿಗೆ ಪ್ರತಿ ಸಲ ಅರ್ಧ ಲೋಟ. 9 ತಿಂಗಳಿಗೆ ದಿನಕ್ಕೆ ಮೂರು ನಾಲ್ಕು ಸಲ. ವರ್ಷ ತುಂಬಿದ ಮೇಲೆ ಮುಕ್ಕಾಲು ಲೋಟದಿಂದ ಒಂದು ಲೋಟ. ಅನ್ನದ ಜೊತೆ ಬೇಳೆ, ಸೊಪ್ಪು, ಮೊಟ್ಟೆ, ಮೀನು ಯಾವುದಾದರೂ ಇರಲಿ, ಒಂದು ಚಮಚ ತೆಂಗಿನೆಣ್ಣೆಯೋ ತುಪ್ಪವೋ ಬೀಳಲಿ. ಎದೆಹಾಲು 2 ವರ್ಷದವರೆಗೆ, ಅದಕ್ಕೂ ಆಚೆ ನಡೆಯಲಿ. 2019ರಿಂದ 2021ರವರೆಗೆ ದೇಶದಲ್ಲೆಲ್ಲ ಮನೆ ಮನೆಗೆ ಹೋಗಿ ಆರೋಗ್ಯ ಸಮೀಕ್ಷೆ ಮಾಡಿದರು. 6ರಿಂದ 23 ತಿಂಗಳ ಮಕ್ಕಳಲ್ಲಿ ಬೇಕಾದಷ್ಟು, ಬೇಕಾದ ಹಾಗೆ ಆಹಾರ ಸಿಗುತ್ತಿದ್ದದ್ದು 100ರಲ್ಲಿ ಸುಮಾರು 11 ಮಕ್ಕಳಿಗೆ ಮಾತ್ರ. ಟೀಚರ ಮಗಳೂ ಉಳಿದ 89ರಲ್ಲಿ ಇದ್ದಳು ಎನ್ನಿ.

ಮೀನಿನ ಅಕ್ಕ ಹೇಳಿದ್ದು ಒಂದೇ ಮಾತು, ಒಂದೇ ಸಲ. ಬಾಗಿಲಲ್ಲಿ ಬೇರೆ ಯಾರೂ ಇರಲಿಲ್ಲ. ಹೇಳಿ ಬುಟ್ಟಿ ಎತ್ತಿಕೊಂಡು ಹೋದರು. ಮರುವಾರ ಬಂದಾಗ "ಕೊಟ್ಟಿರಾ?" ಎಂದು ಕೇಳಲಿಲ್ಲ. ಮಗುವಿಗೆಂದು ಎರಡು ಸಣ್ಣ ಬಂಗುಡೆ ಹೆಚ್ಚಿಗೆ ಹಾಕಿದರು.

ಬಾಟ್ಲಿಯ ಮನೆಯ ಸೊಸೆ ತರಗತಿಗೆ ಪುನಃ ಬಂದಳು. ಈಗ ಅತ್ತೆಯೂ ಸ್ಲೇಟು ಹಿಡಿದು ಜೊತೆಗೆ ಬರುತ್ತಾರೆ. ಮೊನ್ನೆ ಕರಿಹಲಗೆಯಲ್ಲಿ "ಬಾಟ್ಲಿ ಬೇಡ, ಲೋಟ ಚಮಚ ಸಾಕು" ಎಂದು ಬರೆದಿದ್ದೆವು. ಸೊಸೆ ಅಕ್ಷರ ಕೂಡಿಸಿ ಕೂಡಿಸಿ ಓದಿದಳು. ಅತ್ತೆ ಕೇಳಿದರು, "ಒಳಲೆ ಅಂತ ಬರೆದಿಲ್ಲವಾ?"

"ಇಲ್ಲ ಅತ್ತೆ."

"ಹಾಗಾದರೆ ಬರೆದವರಿಗೆ ಗೊತ್ತಿಲ್ಲ. ಬರೆಯಲಿಕ್ಕೆ ಹೇಳು."

ನಾವು ಸೀಮೆಸುಣ್ಣ ಅವರ ಕೈಗೇ ಕೊಟ್ಟೆವು. "ಒ" ಬರೆಯಲು ಬಂತು. "ಳ" ಸ್ವಲ್ಪ ತಿರುಚಿ ಹೋಯಿತು.